ಯಂತ್ರಲಿಖಿತ ಹವಾಮಾನ ದಾಖಲೆಗಳಲ್ಲಿ ಕಾಲನಿರ್ಣಯದ ಸಮಸ್ಯೆ

ಶಾಸನವೊಂದರ ಪ್ರಾಮಾಣ್ಯವನ್ನು ಪರೀಕ್ಷಿಸುವಾಗ ಅದರಲ್ಲಿ ಉಕ್ತವಾದ ಶಕವರ್ಷ, ತಿಥಿ, ವಾರಗಳು ಪರಸ್ಪರ ಹೊಂದುತ್ತವೆಯೇ ಎಂಬುದನ್ನು ನಾವು ಮೊದಲು ನೋಡುತ್ತೇವೆ. ಮನುಷ್ಯನ ಕೈಯಿಲ್ಲದೆ ಯಂತ್ರವೇ ಬರೆದಿಡುವ ದಾಖಲೆಗಳಿಗೂ ಇಂಥ ಪರೀಕ್ಷೆ ಅವಶ್ಯವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಯಂತ್ರಲೇಖನವು ಹೊಸತೇನೂ ಅಲ್ಲ. 17ನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ಕ್ರಿಸ್ಟಫರ್ ರೆನ್ ಹವೆಯನ್ನು ತಾನಾಗಿ ಗುರುತಿಸುವ ಗಡಿಯಾರವೊಂದನ್ನು ಯೋಜಿಸಿದ್ದನು. 1845ರಲ್ಲಿ ಫ್ರಾನ್ಸಿಸ್ ರೊನಾಲ್ಡ್ಸ್ ಕ್ಯೂ ವೀಕ್ಷಣಾಲಯದಲ್ಲಿ ಉಪಕರಣಗಳ ಏರಿಳಿತವನ್ನು ಛಾಯಾಗ್ರಹಣದ ಮೂಲಕ ದಾಖಲಿಸಿದನು. ಎರಡರಲ್ಲಿಯೂ ಗಡಿಯಾರವು ಲೇಖನಯಂತ್ರದ ಅಂಗವೇ ಆಗಿತ್ತು.

2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ಎಂಬ ಏಕಫಲಕ ಕಂಪ್ಯೂಟರಿನಲ್ಲಿ ಈ ಸಂಬಂಧವು ಸಡಿಲವಾಯಿತು. ಕೇಂಬ್ರಿಡ್ಜಿನಲ್ಲಿ ರೂಪುಗೊಂಡ ಈ ಯಂತ್ರದ ಬೆಲೆ ಆಗ 35 ಡಾಲರು ಇತ್ತು, ಗಾತ್ರ ಅಂಗೈಯಷ್ಟು. ಇದರ ಮೇಲೆ ನಡೆಯಬಲ್ಲ ವೀವೆಕ್ಸ್ ಎಂಬ ತಂತ್ರಾಂಶವು ಹವಾಮಾನ ಉಪಕರಣದ ಅಂಕಿಗಳನ್ನು ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಶೇಖರಿಸುತ್ತದೆ. ದಿನವೊಂದಕ್ಕೆ 288 ದಾಖಲೆಗಳು! ಹಿಂದೆ ವೀಕ್ಷಣಾಲಯಗಳಿಗೆ ಮಾತ್ರ ಸಾಧ್ಯವಿದ್ದ ಕಾರ್ಯವು ಇದರಿಂದ ಸಣ್ಣ ಶಾಲೆಗೂ ಎಟುಕಿತು.

ಆದರೆ ವಿದ್ಯುತ್ತಿಲ್ಲದಾಗಲೂ ನಡೆಯುವ ಗಡಿಯಾರವು ಆ ಕಂಪ್ಯೂಟರಿನಲ್ಲಿ ಇರಲಿಲ್ಲ. ವಿದ್ಯುತ್ತು ಮರಳಿದಾಗ ಅದು ಅಂತರಜಾಲದಿಂದ ಹೊತ್ತನ್ನು ತಿಳಿಯಬೇಕು. ಜಾಲವಿಲ್ಲದಿದ್ದರೆ ತಾನು ಕೊನೆಗೆ ಉಳಿಸಿಕೊಂಡ ಹೊತ್ತಿನಿಂದಲೇ ಎಣಿಕೆಯನ್ನು ಮುಂದುವರಿಸುತ್ತದೆ. ಮೂರು ಗಂಟೆ ವಿದ್ಯುತ್ತು ನಿಂತಿತೆನ್ನೋಣ. ಮಧ್ಯಾಹ್ನ ಮೂರರ ಉಷ್ಣತೆಯು ಹನ್ನೆರಡರ ಹೆಸರಿನಲ್ಲಿ ದಾಖಲಾಗಬಹುದು. ದಾಖಲೆಯ ಸಾಲಿನಲ್ಲಿ ತೆರಪು ಕಾಣಿಸದು. ಆದುದರಿಂದ ಮುಂದಿನ ಸಂಶೋಧಕನಿಗೆ ಸಂಶಯವೂ ಹುಟ್ಟದು. ಇದಕ್ಕಿಂತ, ಹಠಾತ್ತನೆ ವಿದ್ಯುತ್ತು ಹೋಗಿ ನೆನಪಿನ ಕಾರ್ಡು ಕೆಡುವುದೇ ಮೇಲು: ಆ ನಷ್ಟವು ಕಣ್ಣಿಗಾದರೂ ಬೀಳುತ್ತದೆ. 2023ರ ಪೈ 5ರಲ್ಲಿ ಗಡಿಯಾರವನ್ನು ಒದಗಿಸಲಾಯಿತಾದರೂ, ವಿದ್ಯುತ್ತಿಲ್ಲದಾಗ ಅದು ನಡೆಯಲು ಬ್ಯಾಟರಿಯನ್ನು ಬೇರೆಯಾಗಿಯೇ ಜೋಡಿಸಬೇಕು.

ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ವೀಕ್ಷಣಾಲಯದಲ್ಲಿ 1813ರ ನವೆಂಬರಿನಿಂದ ದೈನಂದಿನ ಉಷ್ಣತೆಯ ದಾಖಲೆಯು ಅವಿಚ್ಛಿನ್ನವಾಗಿ ಬಂದಿದೆ. ಹವಾಮಾನದ ಇತಿಹಾಸಕ್ಕೆ ಅದು ಆಧಾರವಾಗಿರುವುದು ಅಂಕಿಗಳ ವಿಪುಲತೆಯಿಂದಲ್ಲ. ಯಾವ ಅಂಕಿ ಯಾವ ದಿನದ್ದೆಂಬ ನಿಶ್ಚಯದಿಂದ.

ಆದುದರಿಂದ ಇಂಥ ಯಂತ್ರವನ್ನಿಟ್ಟ ಕಾಲೇಜುಗಳು ಅದರ ಪಕ್ಕದಲ್ಲಿ ಒಂದು ಬರವಣಿಗೆಯ ಪುಸ್ತಕವನ್ನೂ ಇಡುವುದು ಯುಕ್ತ. ವಿದ್ಯುತ್ತು ನಿಂತ ಹೊತ್ತು, ಮರಳಿದ ಹೊತ್ತು, ಗಡಿಯಾರವನ್ನು ತಿದ್ದಿದ ದಿನ, ಉಪಕರಣವನ್ನು ಕದಲಿಸಿದ ಸ್ಥಳ ಇವಿಷ್ಟು ಅದರಲ್ಲಿದ್ದರೆ ಸಾಕು. ಇವಿಲ್ಲದ ಲಕ್ಷಾಂತರ ಅಂಕಿಗಳನ್ನು, ಕಾಲವು ಹೊಂದದ ಶಾಸನದಂತೆ, ನಾವು ಶಂಕೆಯಿಂದಲೇ ಓದಬೇಕಾಗುತ್ತದೆ.