ಒರೆ ಇಳಿಸುವುದು: ನೀರೊಳಗಿನ ತಳಪಾಯಕ್ಕೆ ಆದವಾನಿ ಸೀಮೆಯ ಒಂದು ಪದ

ಈ ಪ್ರಬಂಧ ಶುರುವಾದದ್ದು ಒಂದು ಕೆಂಪು ಗೆರೆಯಿಂದ. ದೀಪಸ್ತಂಭಗಳ ಬಗೆಗಿನ ಲೇಖನವೊಂದನ್ನು ಕನ್ನಡಕ್ಕೆ ತರುವಾಗ ‘ಕೈಸನ್’ ಎಂಬ ಪದ ಎದುರಾಯಿತು. ನಾನು ‘ಒರೆ’ ಅಂತ ಬರೆದೆ. ತಿದ್ದಿದವರು ಅದನ್ನು ಹೊಡೆದು ಪಕ್ಕದಲ್ಲಿ ‘ಇದು ತೆಲುಗು’ ಎಂದು ಗುರುತು ಹಾಕಿದರು, ‘ಜಲಾಂತರ್ಗತ ಪೇಟಿಕೆ’ ಎಂದು ಸೇರಿಸಿದರು. ಆದವಾನಿ ಕಡೆಯವರಿಗೆ ಇದು ಕೇಳಿ ಕೇಳಿ ಹಳೆಯದಾದ ಮಾತು. ನಮ್ಮ ಆದವಾನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಆಂಧ್ರ ರಾಜ್ಯಕ್ಕೆ, ಕರ್ನೂಲು ಜಿಲ್ಲೆಗೆ ಹೋದವು.

ಒರೆ ಅಂದರೆ ಏನು? ಕೌತಾಳಂ ಕಡೆ ಹೊಳೆದಂಡೆಯ ಹೊಲದಲ್ಲಿ ನಮ್ಮ ತಾತ ಬಾವಿ ತೋಡಿಸಿದ್ದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೇನೆ. ಮರಳು ನೆಲ, ತೋಡಿದಷ್ಟೂ ಕುಸೀತದೆ. ಅದಕ್ಕೆ ಮೊದಲು ಸಿಮೆಂಟಿನ ಬಳೆಯೊಂದನ್ನು ನೆಲದ ಮೇಲಿಟ್ಟು, ಒಬ್ಬ ಒಳಗೆ ಕೂತು ಅದರ ಬುಡದ ಮರಳು ತೆಗೀತಾನೆ. ಬಳೆ ತನ್ನ ಭಾರಕ್ಕೇ ಇಳೀತದೆ. ಅದರ ಮೇಲೆ ಇನ್ನೊಂದು. ಒಂದು ಕಡೆ ವಾಲಿದರೆ, ಎತ್ತರವಿದ್ದ ಕಡೆಯ ಬುಡವನ್ನು ಹೆಚ್ಚು ಕೆದಕಿ ಸರಿಮಾಡಬೇಕು. ಕೆಲಸದ ಜಾಣತನವೆಲ್ಲ ಅಲ್ಲೇ. ಇದಕ್ಕೆ ನಮ್ಮಲ್ಲಿ ‘ಒರೆ ಇಳಿಸೋದು’ ಅಂತಾರೆ.

ತೆಲುಗಿನಲ್ಲಿ ಇದು ‘ಒರ’, ನಿಜ. ಆದರೆ ತಮಿಳಿನಲ್ಲೂ ಇದೆ: ‘ಉಱೈ’ ಎಂದರೆ ಕತ್ತಿಯ ಒರೆಯೂ ಹೌದು, ಬಾವಿಯ ಬಳೆಯೂ ಹೌದು. ಕೀಳಡಿಯ ಉತ್ಖನನದಲ್ಲಿ ಸಿಕ್ಕ ಸುಟ್ಟಮಣ್ಣಿನ ಬಳೆಬಾವಿಗೆ ಅಲ್ಲಿಯವರು ‘ಉಱೈಕಿಣಱು’ ಎನ್ನುತ್ತಾರೆ. ಹಳಗನ್ನಡದ ‘ಒಱೆ’ ಇದೇ ಕುಲದ್ದು. ನಮ್ಮ ಬರಹದ ಕನ್ನಡ ಕತ್ತಿಯ ಒರೆಯನ್ನು ಇಟ್ಟುಕೊಂಡು ಬಾವಿಯದನ್ನು ಕೈಬಿಟ್ಟಿದೆ, ಅಷ್ಟೇ. ಶುದ್ಧಿಯ ವಿಚಾರವೇ ಬಂದರೆ, ಎಲ್ಲರೂ ಒಪ್ಪುವ ‘ಬುನಾದಿ’ ಪಾರಸಿಯಿಂದ ಬಂದದ್ದು. ಅದನ್ನು ಯಾರೂ ಕೆಂಪು ಗೆರೆಯಿಂದ ಹೊಡೆಯೋದಿಲ್ಲ!

ಪದ ಸರಿ, ಕೈಸನ್‌ಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಕೈಸನ್ ಎಂಬುದು ಫ್ರೆಂಚಿನ ‘ಪೆಟ್ಟಿಗೆ’ ಎಂಬ ಪದದಿಂದ ಹುಟ್ಟಿದ್ದು. ಜರ್ಮನಿಯ ವೇಸರ್ ನದಿ ಸಮುದ್ರ ಸೇರುವಲ್ಲಿ 1885ರಲ್ಲಿ ಮುಗಿದ ರೋಟರ್‌ಸಾಂಡ್ ದೀಪಸ್ತಂಭ ನಿಂತಿರುವುದು ಇಂಥದರ ಮೇಲೆ. ಕಬ್ಬಿಣದ ದೊಡ್ಡ ಪೆಟ್ಟಿಗೆಯನ್ನು ಸಮುದ್ರಕ್ಕೆ ಎಳೆದೊಯ್ದು ಮುಳುಗಿಸಿ, ಒತ್ತಡದ ಗಾಳಿಯಿಂದ ನೀರನ್ನು ತಡೆದು, ಒಳಗಿನಿಂದ ಮರಳು ತೆಗೆಯುತ್ತ ಇಳಿಸಿದರು. ಆಮೇಲೆ ಕಾಂಕ್ರೀಟ್ ತುಂಬಿದರು. 1881ರ ಮೊದಲ ಪ್ರಯತ್ನ ಸಮುದ್ರದ ಪಾಲಾಗಿತ್ತು. ಗಾಳಿಯ ಒತ್ತಡವೊಂದನ್ನು ಬಿಟ್ಟರೆ ಕೆಲಸ ನಮ್ಮ ತಾತನ ಬಾವಿಯದೇ. (1901ರ ಕಾಪು ದೀಪಸ್ತಂಭ ಬಂಡೆಯ ಮೇಲಿದೆ, ಅದಕ್ಕೆ ಈ ಕಷ್ಟ ಇರಲಿಲ್ಲ.)

ನಮ್ಮ ದೇಶದ ಇಂಜಿನಿಯರುಗಳು ಇದನ್ನು ಇವತ್ತಿಗೂ ‘ಬಾವಿ ತಳಪಾಯ’ ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದಲೇ ಕರೆಯುತ್ತಾರೆ. 1847ರಲ್ಲಿ ಧವಳೇಶ್ವರದಲ್ಲಿ ಗೋದಾವರಿಗೆ ಅಣೆಕಟ್ಟು ಶುರುಮಾಡಿದ ಆರ್ಥರ್ ಕಾಟನ್, ತಳವೇ ಸಿಗದ ಮರಳಿನಲ್ಲಿ ಅಡಿಪಾಯ ಹಾಕುವುದನ್ನು ತಾನು ಕಾವೇರಿಯ ಕಲ್ಲಣೈ ಕಟ್ಟಿದವರಿಂದ ಕಲಿತೆ ಎಂದು ಒಪ್ಪಿಕೊಂಡಿದ್ದ. ಅಂದರೆ ಕೆಲಸಗಾರನ ಮಾತನ್ನು ಇಂಗ್ಲಿಷಿನವರು ಅನುವಾದಿಸಿಕೊಂಡರು. ನಾವು ಅದನ್ನು ಮರೆತು, ಅವರ ಪೆಟ್ಟಿಗೆಗೆ ಸಂಸ್ಕೃತದ ಹೆಸರು ಹುಡುಕ್ತಾ ಕೂತಿದ್ದೇವೆ.

‘ಪೇಟಿಕೆ’ ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಪೆಟ್ಟಿಗೆಗೆ ತಳ ಇರ್ತದೆ, ಒರೆಗೆ ಇರೋದಿಲ್ಲ. ತಳ ಇಲ್ಲದ್ದರಿಂದಲೇ ಅದು ಇಳಿಯೋದು. ‘ಗಾಳಿಒರೆ’ ಅಂದರೆ ರೋಟರ್‌ಸಾಂಡಿನದೂ ಅರ್ಥವಾಗ್ತದೆ ಅನ್ನೋದು ನನ್ನ ಸೂಚನೆ. ಕಾಸರಗೋಡು, ಕರಾವಳಿ ಕಡೆಯವರು ಇಲ್ಲಿದ್ದರೆ, ನಿಮ್ಮಲ್ಲಿ ಬಾವಿಗೆ ಬಳೆ ಇಳಿಸೋರು ಅದಕ್ಕೆ ಏನಂತಾರೆ, ದಯವಿಟ್ಟು ಹೇಳಿ.