ಹೆಗಲ ಭಾರ ಸೊಂಟಕ್ಕಿಳಿದ ಕಥೆ

2005ರ ಜುಲೈ 26. ಆವತ್ತು ಮುಂಬಯಿಯಲ್ಲಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಮಳೆ. ಲೋಕಲ್ ನಿಂತಿತ್ತು. ದಾದರ್‌ನಿಂದ ಘಾಟ್ಕೋಪರ್‌ಗೆ ನಡೆದೇ ಹೊರಟೆ. ಹೆಗಲಿಗೆ ಒಂಟಿ ಪಟ್ಟಿಯ ಆಫೀಸ್ ಬ್ಯಾಗು. ಒಳಗೆ ಊಟದ ಡಬ್ಬಿ, ನೆನೆದ ಫೈಲು, ಯಾತಕ್ಕೂ ಬಾರದ ಕೊಡೆ. ಜಾರುವ ಬ್ಯಾಗು ಹಿಡಿಯುವುದಕ್ಕೇ ಒಂದು ಕೈ ಬೇಕು. ಕುರ್ಲಾ ಬರುವಷ್ಟರಲ್ಲಿ ಬಲಹೆಗಲು ಸತ್ತೇ ಹೋಗಿತ್ತು. ಪಕ್ಕದಲ್ಲೇ ಒಬ್ಬ ಹುಡುಗ, ಬೆನ್ನಿಗೆ ನನ್ನದರ ಎರಡರಷ್ಟು ದೊಡ್ಡ ಟ್ರೆಕ್ಕಿಂಗ್ ಸ್ಯಾಕು, ಸೊಂಟಕ್ಕೆ ಬೆಲ್ಟು. ಎರಡೂ ಕೈ ಖಾಲಿ. ಅಜ್ಜಿಯೊಬ್ಬರನ್ನು ನೀರು ದಾಟಿಸಿದ್ದೂ ಅವನೇ.

ಆ ಬೆಲ್ಟಿನ ಕಥೆ ಹುಡುಕುತ್ತಾ ಹೋದೆ.

ಹೊರೆ ಹೊರುವುದು ನಮಗೇನು ಹೊಸತಲ್ಲ ನೋಡಿ. ಸಂತೆಗೆ ಹೋಗುವವರ ಹೆಗಲಲ್ಲಿ ಹಸಿಬೆ ಚೀಲ ಇರುತ್ತಿತ್ತು, ಎದೆಗೊಂದು ಕಿಸೆ, ಬೆನ್ನಿಗೊಂದು. ತೂಕ ಎರಡೂ ಕಡೆ ಸಮ. ನನ್ನ ಆಫೀಸ್ ಬ್ಯಾಗಿಗೆ ಅಷ್ಟೂ ಬುದ್ಧಿ ಇರಲಿಲ್ಲ!

1991ರಲ್ಲಿ ಆಸ್ಟ್ರಿಯಾ-ಇಟಲಿ ಗಡಿಯ ಹಿಮದಲ್ಲಿ ಸಿಕ್ಕ ಏಟ್ಸಿ ಎಂಬ ಮನುಷ್ಯನ ಶವ ಸುಮಾರು 5,300 ವರ್ಷ ಹಳೆಯದು. ಹತ್ತಿರದಲ್ಲೇ ಬಗ್ಗಿಸಿದ ಹೇಜಲ್ ಕೋಲು, ಲಾರ್ಚ್ ಮರದ ಹಲಗೆಗಳು ಸಿಕ್ಕವು. ಬೆನ್ನುಹೊರೆಯ ಚೌಕಟ್ಟು ಅದು ಅಂತ ಹೆಚ್ಚಿನವರ ಅಭಿಪ್ರಾಯ. ಅಂದರೆ ಚೌಕಟ್ಟು ಆಗಲೇ ಬಂದಿತ್ತು, ಅದನ್ನು ಬೆನ್ನಿನ ಆಕಾರಕ್ಕೆ ತರುವುದಕ್ಕೆ ಮಾತ್ರ ಬಹಳ ಕಾಲ ಹಿಡಿಯಿತು. ನಾರ್ವೆಯ ಓಲೆ ಬರ್ಗನ್ ಬೇಟೆಗೆ ಹೋದಾಗ ಚೀಲ ಬೆನ್ನಿಗೆ ಒತ್ತುತ್ತದೆಂದು ಜೂನಿಪರ್ ಕೊಂಬೆಯೊಂದನ್ನು ಬಗ್ಗಿಸಿ ಕಟ್ಟಿಕೊಂಡನಂತೆ. 1909ರಲ್ಲಿ ಅವನ ಚೌಕಟ್ಟಿಗೆ ಪೇಟೆಂಟ್ ಸಿಕ್ಕಿತು. ಅಮೆರಿಕದ ಲಾಯ್ಡ್ ನೆಲ್ಸನ್ ಅಲಾಸ್ಕಾದ ಮೂಲನಿವಾಸಿಗಳ ಹೊರೆ ನೋಡಿ ಮರದ ಚೌಕಟ್ಟಿನ ಚೀಲ ಮಾಡಿ 1924ರಲ್ಲಿ ಪೇಟೆಂಟ್ ಪಡೆದ. ಇಷ್ಟಾದರೂ ಭಾರ ಮುಖ್ಯವಾಗಿ ಹೆಗಲಿನ ಮೇಲೇ.

ನನಗೆ ಇಷ್ಟವಾದದ್ದು ಡಿಕ್ ಕೆಲ್ಟಿಯ ಪ್ರಸಂಗ. ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟಗಳಲ್ಲಿ ನಡೆಯುವಾಗ ಜೊತೆಗಿದ್ದ ಗೆಳೆಯ ಚೌಕಟ್ಟಿನ ಕೆಳತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿಕೊಂಡನಂತೆ. ಭಾರವೆಲ್ಲ ಸೊಂಟಕ್ಕಿಳಿದು ಹೆಗಲು ಹಗುರ! ಅದೇ ಮುಂದೆ ಸೊಂಟದ ಬೆಲ್ಟಾಯಿತು. 1952ರಲ್ಲಿ ಕೆಲ್ಟಿ ಮನೆಯಲ್ಲೇ ಅಲ್ಯೂಮಿನಿಯಂ ಚೌಕಟ್ಟು ಬಗ್ಗಿಸುತ್ತಿದ್ದ, ಹೆಂಡತಿ ನೀನಾ ಚೀಲ ಹೊಲಿಯುತ್ತಿದ್ದಳು. 1963ರ ಅಮೆರಿಕನ್ ಎವರೆಸ್ಟ್ ತಂಡ ಹೊತ್ತದ್ದು ಈ ಚೀಲಗಳನ್ನೇ. 1967ರಲ್ಲಿ ಗ್ರೆಗ್ ಲೋವ್ ಚೌಕಟ್ಟನ್ನು ಚೀಲದ ಒಳಗೇ ಸೇರಿಸಿದ. ಕುರ್ಲಾದ ಹುಡುಗನ ಬೆನ್ನಲ್ಲಿದ್ದದ್ದು ಆ ವಂಶದ್ದು.

ಆಮೇಲೆ ಸ್ಯಾಕು ಕೊಳ್ಳಲು ಹೋದಾಗ ಅಂಗಡಿಯವನು ಬಣ್ಣ ತೋರಿಸುತ್ತಿದ್ದ, ನಾನು ಟೇಪು ಕೇಳಿದೆ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಅಳೆಯಬೇಕು. ಚೀಲದ ಬೆನ್ನು ಈ ಅಳತೆಗೆ ಹೊಂದಬೇಕೇ ಹೊರತು ನಮ್ಮ ಎತ್ತರಕ್ಕಲ್ಲ. ಬೆಲ್ಟು ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಖಾಲಿ ಚೀಲ ಎಲ್ಲವೂ ಚೆಂದವೇ. ಐದಾರು ಕೆಜಿ ತುಂಬಿಸಿ ಅಂಗಡಿಯಲ್ಲೇ ನಾಲ್ಕು ಸುತ್ತು ಹಾಕಿ. ಭಾರದ ಸಾಮಾನು ಬೆನ್ನಿಗೆ ಹತ್ತಿರ ಇಡಿ. ಇನ್ನೊಂದು, ಹರಿಯುವ ನೀರು ದಾಟುವಾಗ ಬೆಲ್ಟಿನ ಬಕಲ್ ಬಿಚ್ಚಿರಬೇಕು. ಕಾಲು ಜಾರಿದರೆ ಚೀಲ ಕಳಚಿ ಬಿಡಬಹುದು. ಪಾಪ, ಆ ಹುಡುಗನಿಗೂ ಇದು ಗೊತ್ತಿರಲಿಲ್ಲವೇನೋ.

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ಸ್ಯಾಕು ಬಾಗಿಲ ಹಿಂದೆ ತುಂಬಿಕೊಂಡೇ ಇರುತ್ತದೆ. ಎರಡು ಲೀಟರ್ ನೀರು (ಅದೇ ಎರಡು ಕೆಜಿ!), ಟಾರ್ಚು, ಬಿಪಿ ಮಾತ್ರೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದಪತ್ರ, ಒಂದು ಜೊತೆ ಬಟ್ಟೆ, ಶೇಂಗಾ ಚಿಕ್ಕಿ. ಚಿಕ್ಕಿ ಮಾತ್ರ ತಿಂಗಳಿಗೊಮ್ಮೆ ಖಾಲಿಯಾಗುತ್ತದೆ. ಮನೆಯವಳು ಇಲಿ ಅನ್ನುತ್ತಾಳೆ.