ಅಂತರಜಾಲದ ಹಾದಿಯ ಕಾವಲು

ಅಂತರಜಾಲದಲ್ಲಿ ಹೊರಟ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಒಡೆದು, ಒಂದು ರೂಟರ್‌ನಿಂದ ಇನ್ನೊಂದಕ್ಕೆ ಕೈ ಬದಲಾಗುತ್ತ ಗುರಿ ಮುಟ್ಟುತ್ತದೆ. 1981ರಲ್ಲಿ ಪ್ರಕಟವಾದ ಐಪಿ ಪ್ರೋಟೊಕಾಲ್‌ನಲ್ಲಿ ಪ್ಯಾಕೆಟ್ ಎಲ್ಲಿಗೆ ಹೋಗಬೇಕೆಂಬ ವಿಳಾಸಕ್ಕೆ ಜಾಗವಿತ್ತು. ಒಳಗಿನದನ್ನು ಮರೆಮಾಡುವ ಏರ್ಪಾಡು ಇರಲಿಲ್ಲ. ಪರಸ್ಪರ ಬಲ್ಲ ವಿಶ್ವವಿದ್ಯಾಲಯಗಳ, ಪ್ರಯೋಗಾಲಯಗಳ ಜಾಲಕ್ಕೆ ಅಷ್ಟು ಸಾಕಿತ್ತು. ಇಂದು ಡೊಂಬಿವಲಿಯ ಹೋಟೆಲಿನ ಗಲ್ಲಾದ ಮುಂದೆ ಕ್ಯೂಆರ್ ಕೋಡ್ ಮೂಲಕ ಬರುವ ಹಣ, ಕಲ್ಯಾಣದಿಂದ ಕುಂದಾಪುರದ ಮನೆಗೆ ಹೋಗುವ ತಿಂಗಳ ದುಡ್ಡು, ಉಲ್ಹಾಸನಗರದ ಜೀನ್ಸ್ ವ್ಯಾಪಾರಿಯ ಲೆಕ್ಕಪತ್ರ ಎಲ್ಲವೂ ಅದೇ ಹಾದಿಯಲ್ಲಿ ಸಾಗುತ್ತವೆ. ಕಾವಲನ್ನು ಹಾದಿ ಹಾಕಿದ ಮೇಲೆ, ಒಂದೊಂದೇ ಪದರವಾಗಿ, ಕಟ್ಟಬೇಕಾಯಿತು.

ಇದಕ್ಕೆ ಬೇಕಾದ ಗಣಿತ ಮೊದಲೇ ಸಿದ್ಧವಾಗಿತ್ತು. ಎಂದೂ ಭೇಟಿಯಾಗದ ಇಬ್ಬರು, ಎಲ್ಲರೂ ಕೇಳಿಸಿಕೊಳ್ಳುವ ತಂತಿಯ ಮೇಲೇ ಮಾತಾಡಿಕೊಂಡು ಒಂದು ಗುಟ್ಟಿನ ಕೀಲಿಗೆ ಒಪ್ಪಂದ ಮಾಡಿಕೊಳ್ಳಬಹುದೆಂದು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ 1976ರಲ್ಲಿ ತೋರಿಸಿಕೊಟ್ಟರು. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ರೂಪಿಸಿದ ಆರ್‌ಎಸ್‌ಎ ವಿಧಾನದಲ್ಲಿ ಜೋಡಿ ಕೀಲಿಗಳಿದ್ದವು: ಊರಿಗೆಲ್ಲ ಹಂಚುವ ಸಾರ್ವಜನಿಕ ಕೀಲಿ, ಒಡೆಯನೊಬ್ಬನೇ ಇಟ್ಟುಕೊಳ್ಳುವ ಖಾಸಗಿ ಕೀಲಿ. ಈ ಲೆಕ್ಕಗಳು ನಿಧಾನ. ಹಾಗಾಗಿ ಇವನ್ನು ಆರಂಭದ ಒಪ್ಪಂದಕ್ಕೆ, ಗುರುತು ಖಾತ್ರಿಗೆ ಮಾತ್ರ ಬಳಸಿ, ಉಳಿದ ರಾಶಿ ಮಾಹಿತಿಯನ್ನು ಎರಡೂ ಕಡೆಗೆ ಒಂದೇ ಆದ ವೇಗದ ಕೀಲಿಯಿಂದ ಮುಚ್ಚುವುದು ರೂಢಿಯಾಯಿತು. ಈ ಕೆಲಸದ ಹಂಚಿಕೆ ಇಂದಿಗೂ ಬದಲಾಗಿಲ್ಲ.

1995ರ ಆಗಸ್ಟ್ ತಿಂಗಳು ಈ ಇತಿಹಾಸದಲ್ಲಿ ನಿಂತು ನೋಡಬೇಕಾದದ್ದು. ಆ ತಿಂಗಳ 15ರಂದು ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ಮುಂಬೈ ಸೇರಿ ದೊಡ್ಡ ನಗರಗಳಲ್ಲಿ ಜನಸಾಮಾನ್ಯರಿಗೆ ಅಂತರಜಾಲ ಸೇವೆ ಆರಂಭಿಸಿತು. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿ ಬ್ರೌಸರ್ ಮತ್ತು ಸರ್ವರ್ ನಡುವಿನ ಮಾತನ್ನು ಮುಚ್ಚುವ ಎಸ್‌ಎಸ್‌ಎಲ್ ಪ್ರೋಟೊಕಾಲನ್ನು ಬಳಕೆಗೆ ತಂದಿತ್ತು. ಆದರೆ ಬಲವಾದ ಗೂಢಲಿಪಿಯನ್ನು ಅಮೆರಿಕದ ಕಾನೂನು ಯುದ್ಧಸಾಮಗ್ರಿಯ ಸಾಲಿಗೆ ಸೇರಿಸಿತ್ತು. ಹೊರದೇಶಗಳಿಗೆ ಹೋಗುವ ಬ್ರೌಸರ್‌ಗಳಿಗೆ 40 ಬಿಟ್ ಕೀಲಿಯೇ ಗತಿ. ಅದೇ ಆಗಸ್ಟಿನಲ್ಲಿ ಫ್ರಾನ್ಸಿನ ಡೇಮಿಯನ್ ಡೊಲಿಜೆ ಸುಮಾರು 120 ಕಂಪ್ಯೂಟರ್‌ಗಳನ್ನು ಎಂಟು ದಿನ ಓಡಿಸಿ ಅಂಥದೊಂದು ಕೀಲಿಯನ್ನು ಒಡೆದರು. ಭಾರತದ ಜನರ ಕೈಗೆ ಅಂತರಜಾಲ ಬಂದ ತಿಂಗಳೇ ಅದರ ಬೀಗ ಸಾಲದೆಂದು ಜಗತ್ತಿಗೆ ಗೊತ್ತಾಗಿತ್ತು.

ಕೀಲಿಗೆ ಒಂದು ಬಿಟ್ ಸೇರಿದರೆ ಒಡೆಯುವವನ ಕೆಲಸ ಇಮ್ಮಡಿಯಾಗುತ್ತದೆ. 40ರಿಂದ 128ಕ್ಕೆ ಏರಿದಾಗ ಆ ಇಮ್ಮಡಿ 88 ಸಲ ನಡೆಯುತ್ತದೆ. ರಿಸರ್ವ್ ಬ್ಯಾಂಕ್ ಇದನ್ನು ಸರಿಯಾಗಿ ಅರಿತಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದ ಮೇಲೆ, 2001ರ ಜೂನ್ 14ರ ಅಂತರಜಾಲ ಬ್ಯಾಂಕಿಂಗ್ ಮಾರ್ಗಸೂಚಿಯಲ್ಲಿ ಕನಿಷ್ಠ 128 ಬಿಟ್ ಎಸ್‌ಎಸ್‌ಎಲ್ ಇರಬೇಕೆಂದೂ, ಪಾಸ್‌ವರ್ಡ್‌ಗಳನ್ನು ಬ್ಯಾಂಕಿನ ಒಳಜಾಲದಲ್ಲಿ ಸಹ ಮುಚ್ಚಿಯೇ ಸಾಗಿಸಬೇಕೆಂದೂ ಅದು ಹೇಳಿತು. ಆದರೆ ದೂರಸಂಪರ್ಕ ಇಲಾಖೆಯ ಅಂತರಜಾಲ ಪರವಾನಗಿ ಷರತ್ತು ಅನುಮತಿ ಇಲ್ಲದೆ 40 ಬಿಟ್ ಮೀರಬಾರದು ಎನ್ನುತ್ತಿತ್ತು. ಒಂದೇ ಸರ್ಕಾರದ ವ್ಯವಸ್ಥೆಯೊಳಗೆ ಎರಡು ಅಳತೆಗಳು ವರ್ಷಗಟ್ಟಲೆ ಜೊತೆಗಿದ್ದವು. ಬಳಕೆದಾರರು ಕಳಿಸಿದ್ದರ ಮೂಲಪಠ್ಯವನ್ನು ಉಳಿಸಿಟ್ಟುಕೊಳ್ಳಬೇಕೆಂದು ಕೇಳಿದ 2015ರ ರಾಷ್ಟ್ರೀಯ ಎನ್‌ಕ್ರಿಪ್ಷನ್ ನೀತಿಯ ಕರಡನ್ನು ಜನರ ವಿರೋಧಕ್ಕೆ ಮಣಿದು ಕೆಲವೇ ದಿನಗಳಲ್ಲಿ ಹಿಂದಕ್ಕೆ ಪಡೆಯಲಾಯಿತು. ಬಲಹೀನ ಬೀಗವನ್ನು ಕಡ್ಡಾಯ ಮಾಡಿದ ನೀತಿಯ ಬೆಲೆ ದೀರ್ಘಕಾಲದ್ದು. ಅಮೆರಿಕದ ಹಳೆಯ ರಫ್ತು ನಿಯಮದ ದುರ್ಬಲ ಕೀಲಿಗಳ ಬೆಂಬಲ ಸರ್ವರ್‌ಗಳಲ್ಲಿ ಉಳಿದುಕೊಂಡಿದ್ದರಿಂದಲೇ 2015ರಲ್ಲಿ ಫ್ರೀಕ್, ಲಾಗ್‌ಜ್ಯಾಮ್ ಎಂಬ ದಾಳಿಗಳು ಸಾಧ್ಯವಾದವು.

ಎಸ್‌ಎಸ್‌ಎಲ್ 1999ರಲ್ಲಿ ಟಿಎಲ್‌ಎಸ್ ಎಂಬ ಹೆಸರಿನಲ್ಲಿ ಜಾಗತಿಕ ಮಾನಕವಾಯಿತು. 2018ರ ಆಗಸ್ಟಿನಲ್ಲಿ ಬಂದ ಟಿಎಲ್‌ಎಸ್ 1.3 ಹಳೆಯ ದುರ್ಬಲ ವಿಧಾನಗಳನ್ನು ಕಿತ್ತುಹಾಕಿತು. ಇದರಲ್ಲಿ ಪ್ರತಿ ಸಂಪರ್ಕಕ್ಕೂ ಹೊಸ ಕೀಲಿ ಹುಟ್ಟಿ, ಕೆಲಸ ಮುಗಿದ ಮೇಲೆ ಅಳಿಯುತ್ತದೆ. ಹಾಗಾಗಿ ಮುಂದೊಂದು ದಿನ ಸರ್ವರ್‌ನ ಖಾಸಗಿ ಕೀಲಿ ಕಳುವಾದರೂ ಇಂದು ಕದ್ದು ಕೂಡಿಟ್ಟ ಮಾತುಕತೆ ಅದರಿಂದ ತೆರೆಯುವುದಿಲ್ಲ. ಬೇರೆ ಪದರಗಳಿಗೂ ತಮ್ಮ ತಮ್ಮ ಕಾವಲುಗಳಿವೆ: ಕಚೇರಿಯ ವಿಪಿಎನ್‌ಗಳಿಗೆ ಐಪಿಸೆಕ್, ದೂರದ ಯಂತ್ರ ನಿರ್ವಹಣೆಗೆ ಎಸ್‌ಎಸ್‌ಎಚ್, ವೈಫೈಗೆ 2001ರಲ್ಲೇ ಮುರಿದುಬಿದ್ದ ವೆಪ್‌ನ ಜಾಗದಲ್ಲಿ ಡಬ್ಲ್ಯುಪಿಎ ಸರಣಿ.

ಮಾಹಿತಿಯನ್ನು ಮುಚ್ಚುವುದಕ್ಕಿಂತ ಕಠಿಣವಾದದ್ದು ಆಚೆ ತುದಿಯಲ್ಲಿ ಇರುವವರು ಯಾರೆಂಬ ಪ್ರಶ್ನೆ. ‘ಈ ಸಾರ್ವಜನಿಕ ಕೀಲಿ ಇಂಥ ತಾಣದ್ದೇ’ ಎಂದು ಒಂದು ಪ್ರಮಾಣೀಕರಣ ಸಂಸ್ಥೆ ಸಹಿ ಹಾಕುತ್ತದೆ. ಬ್ರೌಸರ್ ಅದನ್ನು ನಂಬುತ್ತದೆ. ಸಂಸ್ಥೆ ಎಡವಿದರೆ ಗಣಿತ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಭಾರತ ಇದನ್ನು 2014ರಲ್ಲಿ ಕಂಡಿತು. ಆ ವರ್ಷದ ಜುಲೈ 2ರಂದು ಗೂಗಲ್‌ನ ತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಪತ್ತೆಯಾದವು. ಅವು ಹೊರಬಿದ್ದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರದ ಅಂದರೆ ಎನ್‌ಐಸಿಯ ವ್ಯವಸ್ಥೆಯಿಂದ. ಎನ್‌ಐಸಿಯ ಸಹಿಗೆ ಆಧಾರವಾದ ಭಾರತದ ಮೂಲ ಪ್ರಮಾಣಪತ್ರವನ್ನು ಮೈಕ್ರೋಸಾಫ್ಟ್ ನಂಬುತ್ತಿದ್ದುದರಿಂದ ವಿಂಡೋಸ್ ಬಳಕೆದಾರರಲ್ಲಿ ಹಲವರು ಅಪಾಯದಲ್ಲಿದ್ದರು. ಭಾರತದ ಪ್ರಮಾಣೀಕರಣ ಸಂಸ್ಥೆಗಳ ನಿಯಂತ್ರಕರು ಮರುದಿನವೇ ಎನ್‌ಐಸಿಯ ಪ್ರಮಾಣಪತ್ರಗಳನ್ನು ರದ್ದುಪಡಿಸಿದರು. ಹೊರಬಂದ ಪ್ರತಿ ಪ್ರಮಾಣಪತ್ರವೂ ಯಾರು ಬೇಕಾದರೂ ನೋಡಬಹುದಾದ ದಾಖಲೆಯಲ್ಲಿ ಇರಬೇಕೆಂಬ ಇಂದಿನ ನಿಯಮದ ಅಗತ್ಯ ಇಂಥ ಘಟನೆಗಳಿಂದಲೇ ಮನದಟ್ಟಾಯಿತು.

ಈ ಹಾದಿಯ ಒಂದು ತುದಿ ಡೇಟಾ ಸೆಂಟರ್. ಒಂದು ಕಾಲಕ್ಕೆ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾಗಿದ್ದ ಠಾಣೆ–ಬೇಲಾಪುರ ರಸ್ತೆಯ ಬದಿಯಲ್ಲಿ, ಐರೋಲಿ, ರಬಾಳೆ, ಮಹಾಪೆಗಳಲ್ಲಿ, ಈಗ ಡೇಟಾ ಸೆಂಟರ್‌ಗಳು ಎದ್ದಿವೆ. ಪನ್ವೇಲ್‌ನಲ್ಲಿ 2020ರಲ್ಲಿ ಇನ್ನೊಂದು ದೊಡ್ಡದು ಆರಂಭವಾಯಿತು. ಪಾವತಿಗಳ ದತ್ತಾಂಶವನ್ನು ದೇಶದೊಳಗೇ ಇಡಬೇಕೆಂಬ ರಿಸರ್ವ್ ಬ್ಯಾಂಕಿನ 2018ರ ಏಪ್ರಿಲ್ ಆದೇಶ ಈ ಬೆಳವಣಿಗೆಗೆ ಬಲ ಕೊಟ್ಟಿತು. ಇನ್ನೊಂದು ತುದಿ ಗ್ರಾಹಕನ ಫೋನು. 2016ರಲ್ಲಿ ಬಂದ ಯುಪಿಐ ಟಿಎಲ್‌ಎಸ್ ಒಂದನ್ನೇ ನೆಚ್ಚಿಕೊಂಡಿಲ್ಲ. ಗ್ರಾಹಕ ಒತ್ತುವ ಪಿನ್ ಫೋನಿನೊಳಗೇ, ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಒದಗಿಸಿದ ತಂತ್ರಾಂಶದಲ್ಲಿ, ಸಾರ್ವಜನಿಕ ಕೀಲಿಯಿಂದ ಮುಚ್ಚಿಹೋಗುತ್ತದೆ. ಪಾವತಿಯ ಆ್ಯಪ್‌ಗೂ ಅದು ಕಾಣುವುದಿಲ್ಲ. ಹೀಗೆ ಕಾವಲನ್ನು ಹಾದಿಯಿಂದ ತುದಿಯವರೆಗೆ ಎಳೆದದ್ದು ಈ ವಿನ್ಯಾಸದ ಹೆಚ್ಚುಗಾರಿಕೆ.

ತುದಿಯೇ ಕೆಟ್ಟರೆ ಏನಾಗುತ್ತದೆಂಬುದಕ್ಕೆ ನವಿ ಮುಂಬೈಯಲ್ಲೇ ಉದಾಹರಣೆಯಿದೆ. 2017ರ ಜೂನ್ 27ರಂದು ಜಗತ್ತಿಗೆ ಹಬ್ಬಿದ ನಾಟ್‌ಪೆಟ್ಯಾ ಕುತಂತ್ರಾಂಶ ಹಡಗು ಸಾಗಣೆಯ ಮೇರ್ಸ್ಕ್ ಸಮೂಹದ ಯಂತ್ರಗಳನ್ನು ಹಿಡಿದಾಗ ನ್ಹಾವಾಶೇವಾ ಬಂದರಿನಲ್ಲಿದ್ದ ಅದರ ಟರ್ಮಿನಲ್‌ನ ಕೆಲಸ ಸ್ಥಗಿತಗೊಂಡಿತು. ಅದು ಮೊದಲು ಹರಡಿದ್ದು ಉಕ್ರೇನಿನ ಲೆಕ್ಕಪತ್ರ ತಂತ್ರಾಂಶವೊಂದರ ಅಪ್‌ಡೇಟ್ ಮೂಲಕ. ನಂಬಿದ ತುದಿಯಿಂದಲೇ ವಿಷ ಬಂದಾಗ ಹಾದಿಯ ಎನ್‌ಕ್ರಿಪ್ಷನ್ ಅದನ್ನು ತಡೆಯಲಾರದು.

ಕಾವಲು ಇನ್ನೂ ಬೆಳೆಯುತ್ತಿದೆ. ಕ್ವಾಂಟಮ್ ಕಂಪ್ಯೂಟರ್‌ಗಳಿಗೂ ಮಣಿಯದ ಕೀಲಿ ಒಪ್ಪಂದದ ಮೊದಲ ಮಾನಕ 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಪ್ರಕಟವಾಗಿ, ಬ್ರೌಸರ್‌ಗಳಲ್ಲಿ ಬಳಕೆಗೆ ಬಂದಿದೆ. ಗುರುತಿನ ಪ್ರಶ್ನೆಗೆ ರಿಸರ್ವ್ ಬ್ಯಾಂಕ್ ಕೊಟ್ಟ ಉತ್ತರ ಇನ್ನೂ ಸರಳ: ಬ್ಯಾಂಕುಗಳ ಜಾಲತಾಣಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ಅದು ಆದೇಶಿಸಿತು. ಕಳ್ಳ ತಾಣಗಳೂ ಸರಿಯಾದ ಟಿಎಲ್‌ಎಸ್ ಪ್ರಮಾಣಪತ್ರ ಪಡೆಯುತ್ತಿರುವುದರಿಂದ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರ್‌ನ ಬೀಗದ ಚಿಹ್ನೆಯನ್ನೇ ತೆಗೆದುಹಾಕಿತು. ಹಣ ಕಳಿಸುವ ಮುನ್ನ ಓದುಗರು ನೋಡಬೇಕಾದದ್ದು ವಿಳಾಸದ ಕೊನೆಯ ಅಕ್ಷರಗಳನ್ನು.